ಟಿಸಿ ಏಳ್ತಾನೇ ಇಲ್ಲ ಅಂದ್ರೆ: ರಕ್ತದ ಕ್ಯಾನ್ಸರ್ ಇರುವವರ ಮನೆಯವರು ಏನೇನು ನೋಡಬೇಕು?

"ಕಾಕಾ, ಅದು ಹೊಳ್ಳಿ ಬಂದದೇನು?"

ಅಣ್ಣನ ಮಗ ಹೀಗೆ ಕೇಳಿದಾಗ ನಾವು ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಆಳಂದದ ಬಸ್ಸಿಗೆ ಕಾಯುತ್ತಿದ್ದೆವು. ಅವನ ಕೈಯಲ್ಲಿ ಲ್ಯಾಬಿನ ಚೀಟಿ ಇತ್ತು. ಹದಿನಾಲ್ಕು ವರ್ಷದ ಹುಡುಗ. ಎಎಲ್‌ಎಲ್ ಅನ್ನುವ ರಕ್ತದ ಕ್ಯಾನ್ಸರ್‌ಗೆ ದೊಡ್ಡ ಕೀಮೋ ಎಲ್ಲ ಮುಗಿದು, ಮನೆಯಲ್ಲೇ ಮಾತ್ರೆ ತಗೊಳ್ಳುವ ಹಂತಕ್ಕೆ ಬಂದಿದ್ದ. ಆದರೆ ಎರಡು ತಿಂಗಳಿಂದ ಟಿಸಿ, ಅಂದರೆ ಬಿಳಿ ರಕ್ತಕಣದ ಲೆಕ್ಕ, ಸಾವಿರದ ಆಸುಪಾಸಿನಲ್ಲೇ ಇತ್ತು. ಮಾತ್ರೆ ನಿಲ್ಲಿಸಿದರೆ ಸ್ವಲ್ಪ ಏಳುತ್ತಿತ್ತು. ಶುರು ಮಾಡಿದರೆ ಮತ್ತೆ ಬೀಳುತ್ತಿತ್ತು. ಅವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾಯಿಲೆ ಹೊಳ್ಳಿ ಬಂದಿರಲಿಲ್ಲ. ಕಾರಣ ನಮ್ಮ ಮನೆಯ ಗೂಡಿನಲ್ಲೇ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇತ್ತು. ಆ ಕಥೆ ಮುಂದೆ ಹೇಳುತ್ತೇನೆ. ಅದಾದ ಮೇಲೆ ಎಷ್ಟೋ ಮನೆಯವರು ಫೋನ್ ಮಾಡಿ ಇದೇ ಮಾತು ಕೇಳಿದ್ದಾರೆ, "ಕೌಂಟ್ ಯಾಕೆ ಏಳ್ತಿಲ್ಲ?" ಅಂತ. ನಾನು ಡಾಕ್ಟರ್ ಅಲ್ಲ. ಕಾರಣ ಹುಡುಕುವುದು ಡಾಕ್ಟರ ಕೆಲಸ. ಆದರೆ ಅವರಿಗೆ ಬೇಕಾದ ಸುಳಿವುಗಳು ಜಾಸ್ತಿ ನಮ್ಮ ಮನೆಯಲ್ಲೇ ಇರುತ್ತವೆ. ಅವನ್ನು ಹೇಗೆ ಕೂಡಿಹಾಕಬೇಕು ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲು: ಇಳಿದಿರುವುದು ಯಾವುದು?

ದೊಡ್ಡವರಲ್ಲಿ ಬಿಳಿ ರಕ್ತಕಣದ ಒಟ್ಟು ಲೆಕ್ಕ ಸಾಮಾನ್ಯವಾಗಿ 4,000ದಿಂದ 11,000ದ ಒಳಗೆ ಇರುತ್ತದೆ. ಇದನ್ನೇ ನಾವು ಟಿಸಿ ಅನ್ನುತ್ತೇವೆ. ಆದರೆ ಡಾಕ್ಟರ ಕಣ್ಣು ಮೊದಲು ಹೋಗುವುದು ಟಿಸಿ ಮೇಲೆ ಅಲ್ಲ, ಎಎನ್‌ಸಿ ಮೇಲೆ. ಅಂದರೆ ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್ ಅನ್ನುವ ಕಣ ಎಷ್ಟಿದೆ ಅನ್ನುವುದು. ಬ್ಯಾಕ್ಟೀರಿಯಾ, ಬೂಷ್ಟು ಒಳಗೆ ಬಂದರೆ ಮೊದಲು ಎದುರು ನಿಲ್ಲುವುದು ಅದೇ.

ಲೆಕ್ಕ ಸುಲಭ. ಟಿಸಿಯನ್ನು ನ್ಯೂಟ್ರೋಫಿಲ್ ಶೇಕಡಾದಿಂದ ಗುಣಿಸಿ, ನೂರರಿಂದ ಭಾಗಿಸಿ. ಟಿಸಿ 1,800, ನ್ಯೂಟ್ರೋಫಿಲ್ ಶೇ. 40 ಇದ್ದರೆ ಎಎನ್‌ಸಿ 720. ಟಿಸಿ 3,000 ಇದ್ದು ನ್ಯೂಟ್ರೋಫಿಲ್ ಶೇ. 10 ಮಾತ್ರ ಇದ್ದರೆ ಎಎನ್‌ಸಿ 300. ನೋಡಿ, ಮೂರು ಸಾವಿರ ಇದ್ದವರಿಗೇ ಅಪಾಯ ಜಾಸ್ತಿ! 1,500ಕ್ಕಿಂತ ಕೆಳಗೆ ಬಂದರೆ ಕಡಿಮೆ ಅನ್ನುತ್ತಾರೆ. 500ಕ್ಕಿಂತ ಕೆಳಗೆ ಹೋದರೆ ಬಹಳ ಕಡಿಮೆ, ಆಗ ಸೋಂಕಿನ ಭಯ ನಿಜವಾದದ್ದು.

ಲ್ಯಾಬಿನ ಚೀಟಿಯಲ್ಲಿ ಕೆಲವು ಕಡೆ 1800 ಅಂತ ಇರುತ್ತದೆ, ಕೆಲವು ಕಡೆ 1.8 ಅಂತ ಇರುತ್ತದೆ. ಎರಡೂ ಒಂದೇ. ನಮ್ಮ ವೈನಿ, ಅಂದರೆ ಹುಡುಗನ ತಾಯಿ, ಒಮ್ಮೆ 0.9 ನೋಡಿ "ಒಂದೂ ಕಣ ಇಲ್ಲವಾ" ಅಂತ ಅತ್ತುಬಿಟ್ಟಿದ್ದರು. ಅದು 900.

ಸ್ಯಾಂಪಲ್ ಸರಿ ಇತ್ತಾ ಅನ್ನುವುದನ್ನೂ ಕೇಳಿ. ಸಿಬಿಸಿ ಅನ್ನುವ ಈ ರಕ್ತಕಣಗಳ ಲೆಕ್ಕದ ಪರೀಕ್ಷೆಗೆ ರಕ್ತವನ್ನು ನೇರಳೆ ಮುಚ್ಚಳದ ಟ್ಯೂಬಿಗೆ ತೆಗೆಯುತ್ತಾರೆ. ಅದರಲ್ಲಿ ರಕ್ತ ಹೆಪ್ಪುಗಟ್ಟಿದರೆ ಲೆಕ್ಕ ತಪ್ಪುತ್ತದೆ. ನಮ್ಮ ಕಡೆ ಹಳ್ಳಿಯಲ್ಲಿ ರಕ್ತ ತೆಗೆದು ಬಸ್ಸಿನಲ್ಲಿ ಕಲಬುರಗಿಗೆ ಕಳಿಸುವುದುಂಟು. ಮೇ ತಿಂಗಳ ಬಿಸಿಲಿನಲ್ಲಿ ಅರ್ಧ ದಿನ ಬಸ್ಸಿನಲ್ಲಿ ಬೆಂದ ಟ್ಯೂಬಿನ ಲೆಕ್ಕವನ್ನು ಪೂರ್ತಿ ನಂಬಲಾಗುವುದಿಲ್ಲ. ಆದಷ್ಟು ಒಂದೇ ಲ್ಯಾಬಿಗೆ, ನೀವೇ ಹೋಗಿ ಕೊಡಿ. ಲೆಕ್ಕ ವಿಚಿತ್ರ ಅನ್ನಿಸಿದರೆ ಮಷಿನ್ ಮಾತ್ರ ಸಾಲದು, ಗಾಜಿನ ಪಟ್ಟಿ ಮೇಲೆ ರಕ್ತ ಹಚ್ಚಿ ಕಣ್ಣಿನಿಂದ ನೋಡುವ ಸ್ಮಿಯರ್ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ.

ಆಮೇಲೆ: ಇವತ್ತು ಚಿಕಿತ್ಸೆಯ ಎಷ್ಟನೇ ದಿನ?

ಕ್ಯಾಲೆಂಡರ್ ಪಕ್ಕ ಇಟ್ಟುಕೊಂಡು ರಿಪೋರ್ಟ್ ಓದಿ. ಹೆಚ್ಚಿನ ಕೀಮೋ ಔಷಧಗಳಲ್ಲಿ ಕೊಟ್ಟ 7ರಿಂದ 14 ದಿನಕ್ಕೆ ಕೌಂಟ್ ಅತಿ ಕೆಳಗೆ ಹೋಗುತ್ತದೆ, ಮೂರು ನಾಲ್ಕು ವಾರದ ಹೊತ್ತಿಗೆ ಏಳುತ್ತದೆ. ಹತ್ತನೇ ದಿನ ಎಎನ್‌ಸಿ 600 ಇದ್ದರೆ ಅದು ನಿರೀಕ್ಷಿತ. ಐದನೇ ವಾರವೂ 600 ಇದ್ದರೆ ಕಾರಣ ಹುಡುಕಬೇಕು. ಎಎಂಎಲ್ ಅನ್ನುವ ಇನ್ನೊಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಕೊಡುವ ಮೊದಲ ಜೋರಾದ ಕೀಮೋ ಆದ ಮೇಲೆ ಏಳಲು ತಿಂಗಳೇ ಹಿಡಿಯಬಹುದು. ಕೀಮೋ ಮೇಲೆ ಕೀಮೋ ಆದವರಿಗೆ, ಸೊಂಟದ ಭಾಗಕ್ಕೆ ರೇಡಿಯೇಶನ್ ಆದವರಿಗೆ ರಕ್ತಕಣ ಹುಟ್ಟುವ ಮೂಳೆ ಮಜ್ಜೆ ದಣಿದಿರುತ್ತದೆ, ನಿಧಾನ ಆಗುತ್ತದೆ.

ಎಎಲ್‌ಎಲ್‌ನ ಮಾತ್ರೆ ಹಂತಕ್ಕೆ ಮೇಂಟೆನೆನ್ಸ್ ಅನ್ನುತ್ತಾರೆ. ಅದು ಸುಮಾರು 2 ವರ್ಷ ನಡೆಯುತ್ತದೆ. ದಿನಾ ಮರ್ಕ್ಯಾಪ್ಟೊಪ್ಯೂರಿನ್, ಅಂದರೆ 6-ಎಂಪಿ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ಈ ಹಂತದಲ್ಲಿ ಎಎನ್‌ಸಿ 500ರಿಂದ 1,500ರ ನಡುವೆ ಇರಲಿ ಅಂತಲೇ ಹಲವು ಡಾಕ್ಟರುಗಳು ಡೋಸ್ ಹೊಂದಿಸುತ್ತಾರೆ. ಕೌಂಟ್ ಸ್ವಲ್ಪ ಇಳಿದಿದ್ದರೆ ಮಾತ್ರೆ ಕೆಲಸ ಮಾಡುತ್ತಿದೆ ಅಂತ ಅರ್ಥ. ಬಹಳ ಜನ ಇದನ್ನು ತಿಳಿಯದೆ ಕೌಂಟ್ 'ಚೆನ್ನಾಗಿ' ಬರಲಿ ಅಂತ ಒಂದು ದಿನ ಬಿಟ್ಟು ಒಂದು ದಿನ ಮಾತ್ರೆ ಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಕಾಯಿಲೆಗೆ ಬಾಗಿಲು ತೆರೆದಂತೆ. ನಿಮ್ಮ ಡಾಕ್ಟರ ಗುರಿ ಎಷ್ಟು ಅಂತ ಕೇಳಿ, ಆ ಸಂಖ್ಯೆಯನ್ನು ಫೈಲಿನ ಮೇಲೆ ಬರೆದಿಡಿ.

ಸ್ಟೀರಾಯ್ಡ್ ಕೊಟ್ಟಾಗ ನ್ಯೂಟ್ರೋಫಿಲ್ ಮೇಲೆ ಹೋಗುತ್ತದೆ, ನಿಲ್ಲಿಸಿದ ಮೇಲೆ ಇಳಿಯುತ್ತದೆ. ಅಂಥ ವಾರದ ಏರಿಳಿತ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

ಮಾತ್ರೆ ಚೀಲವನ್ನು ಮೇಜಿನ ಮೇಲೆ ಸುರಿಯಿರಿ

ನನಗೆ ಕೇಳಿದರೆ ಇದೇ ಎಲ್ಲಕ್ಕಿಂತ ದೊಡ್ಡ ಹೆಜ್ಜೆ.

ಪ್ರತಿ ಸಲ ಡಾಕ್ಟರ್ ಕೇಳುತ್ತಿದ್ದರು, "ಬೇರೆ ಯಾವುದಾದರೂ ಮಾತ್ರೆ ಕೊಡ್ತೀರಾ?" ಪ್ರತಿ ಸಲ ನಾವು ಇಲ್ಲ ಅನ್ನುತ್ತಿದ್ದೆವು. ಸುಳ್ಳು ಹೇಳಿದ್ದಲ್ಲ. ನಮ್ಮ ಮಟ್ಟಿಗೆ ಅದು ನಿಜವೇ ಆಗಿತ್ತು. ಮೂಳೆ ಮಜ್ಜೆ ಪರೀಕ್ಷೆ ಮಾಡೋಣ ಅನ್ನುವ ಮಾತು ಬಂದಾಗ ಅವರು ಕೊನೆಯದಾಗಿ ಅಂದರು, "ನಾಳೆ ಬರುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ ಪಟ್ಟಿ ತನ್ನಿ. ಅರ್ಧ ಖಾಲಿ ಆಗಿದ್ದೂ ತನ್ನಿ." ವೈನಿ ಚೀಲ ಸುರಿದರು. ಡಾಕ್ಟರ್ ಒಂದೊಂದೇ ಪಟ್ಟಿ ತಿರುಗಿಸಿ ನೋಡಿ, ಒಂದನ್ನು ಬೇರೆ ಎತ್ತಿಟ್ಟರು. ಅಲೋಪ್ಯೂರಿನಾಲ್. "ಇದು ಯಾವಾಗಿಂದ?" ವೈನಿ ಹೇಳಿದರು, "ಇದು ಮೊದಲಿಂದ ಕೊಡ್ಲಿಕತ್ತೀನಲ್ರಿ. ಹೊಸದಲ್ಲ."

ಅಷ್ಟೇ ಆಗಿದ್ದು. ಕಾಯಿಲೆ ಗೊತ್ತಾದ ಹೊಸದರಲ್ಲಿ, ಕೀಮೋಗೆ ಕಣಗಳು ಒಮ್ಮೆಲೇ ಒಡೆದು ಯೂರಿಕ್ ಆ್ಯಸಿಡ್ ಏರಬಾರದು ಅಂತ ಆ ಗುಳಿಗೆ ಕೊಟ್ಟಿದ್ದರು. ಅದು ಕೆಲವು ದಿನಕ್ಕೆ ಮಾತ್ರ. ಊರಿನ ಔಷಧ ಅಂಗಡಿಯವರು ಹಳೆಯ ಚೀಟಿ ನೋಡಿ ತಿಂಗಳು ತಿಂಗಳು ಕೊಡುತ್ತಾ ಹೋದರು. ನಾವು ತರುತ್ತಾ ಹೋದೆವು. 6-ಎಂಪಿ ದೇಹದಲ್ಲಿ ಕರಗಿ ಹೋಗಲು ಒಂದು ದಾರಿ ಇದೆ. ಅಲೋಪ್ಯೂರಿನಾಲ್ ಆ ದಾರಿಯನ್ನೇ ಮುಚ್ಚುತ್ತದೆ. ಹಾಗಾಗಿ ಎರಡೂ ಒಟ್ಟಿಗೆ ಕೊಡಲೇಬೇಕಾದರೆ 6-ಎಂಪಿ ಡೋಸನ್ನು ಕಾಲು ಭಾಗಕ್ಕೋ ಮೂರನೇ ಒಂದು ಭಾಗಕ್ಕೋ ಇಳಿಸುತ್ತಾರೆ. ನಮ್ಮ ಹುಡುಗ ಪೂರ್ತಿ ಡೋಸ್ ತಗೊಳ್ಳುತ್ತಿದ್ದ. ಮಜ್ಜೆ ಏಳುವುದು ಹೇಗೆ?

ಡಾಕ್ಟರ್ ಅದನ್ನು ನಿಲ್ಲಿಸಿದರು. 6-ಎಂಪಿಯನ್ನು ಕೆಲವು ದಿನ ತಡೆದು ಮತ್ತೆ ಶುರು ಮಾಡಿಸಿದರು. ಮೂರು ವಾರಕ್ಕೆ ಎಎನ್‌ಸಿ 1,100 ಬಂತು, ಅಲ್ಲೇ ನಿಂತಿತು.

ಇದನ್ನು ಓದಿ ಯಾರೂ ಮನೆಯಲ್ಲೇ ಮಾತ್ರೆ ನಿಲ್ಲಿಸಬೇಡಿ. ಕೆಲವರಿಗೆ ಡಾಕ್ಟರೇ ಬೇಕೆಂದು ಇವೆರಡನ್ನು ಕೂಡಿಸಿ, ಡೋಸ್ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ಗೌಟ್‌ಗೆ ಕೊಡುವ ಫೆಬುಕ್ಸೊಸ್ಟಾಟ್ ಕೂಡ 6-ಎಂಪಿ ಜೊತೆ ಇದೇ ತೊಂದರೆ ಮಾಡುತ್ತದೆ.

ಚೀಲದಲ್ಲಿ ಇನ್ನೇನು ಸಿಗಬಹುದು? ಸೆಪ್ಟ್ರಾನ್ ಅನ್ನುವ ಕೋ-ಟ್ರೈಮಾಕ್ಸಜೋಲ್. ಶ್ವಾಸಕೋಶದ ಒಂದು ಸೋಂಕು ಬಾರದಿರಲಿ ಅಂತ ಇದನ್ನು ಕೊಡುತ್ತಾರೆ, ಬೇಕಾದ ಔಷಧವೇ. ಆದರೆ ಕೆಲವರಲ್ಲಿ ಕೌಂಟ್ ಇಳಿಸುತ್ತದೆ. ಆಗ ಡಾಕ್ಟರ್ ಬೇರೆ ಔಷಧಕ್ಕೆ ಬದಲಾಯಿಸಬಹುದು. ಬಹಳ ದಿನ ಕೊಟ್ಟ ಲಿನೆಜೋಲಿಡ್ ಅನ್ನುವ ಆ್ಯಂಟಿಬಯೋಟಿಕ್, ವೈರಸ್‌ಗೆ ಕೊಡುವ ವಾಲ್‌ಗ್ಯಾನ್‌ಸೈಕ್ಲೋವಿರ್, ಥೈರಾಯ್ಡ್ ಜಾಸ್ತಿ ಇದ್ದವರಿಗೆ ಕೊಡುವ ಕಾರ್ಬಿಮಜೋಲ್, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ನೋವಿಗೆ ತಗೊಳ್ಳುವ ಅನಾಲ್ಜಿನ್ ಇವೂ ಇಳಿಸಬಲ್ಲವು. ರಿಟುಕ್ಸಿಮ್ಯಾಬ್ ಅನ್ನುವ ಇಂಜೆಕ್ಷನ್ ಆದವರಲ್ಲಿ ಕೊನೆಯ ಡೋಸ್ ಆಗಿ ತಿಂಗಳುಗಳಾದ ಮೇಲೂ ನ್ಯೂಟ್ರೋಫಿಲ್ ಇಳಿಯುವುದುಂಟು.

ಮೆಥೊಟ್ರೆಕ್ಸೇಟ್ ವಿಷಯದಲ್ಲಿ ಒಂದು ಕಟ್ಟೆಚ್ಚರಿಕೆ. ಅದು ವಾರಕ್ಕೊಂದು ದಿನ ಮಾತ್ರ. ತಪ್ಪಿ ದಿನಾ ಕೊಟ್ಟರೆ ಜೀವಕ್ಕೇ ಕುತ್ತು. ನಮ್ಮ ಮನೆಯಲ್ಲಿ ಸೋಮವಾರ ಅಂತ ಗಟ್ಟಿ ಮಾಡಿದ್ದೇವೆ. ಆ ಪಟ್ಟಿಯನ್ನು ಬೇರೆ ಡಬ್ಬಿಯಲ್ಲಿ, ಬೇರೆ ಗೂಡಿನಲ್ಲಿ ಇಟ್ಟಿದ್ದೇವೆ.

ಹಸಿರು ಔಷಧಗಳನ್ನೂ ಮೇಜಿನ ಮೇಲಿಡಿ. ಅಮೃತಬಳ್ಳಿ ಕಷಾಯ, ಪಪ್ಪಾಯಿ ಎಲೆ ರಸ, ಜಾತ್ರೆಯಲ್ಲಿ ಯಾರೋ ಪ್ರೀತಿಯಿಂದ ಕೊಟ್ಟ ಪುಡಿ. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಅಮೃತಬಳ್ಳಿಯಿಂದ ಲಿವರ್ ಕೆಟ್ಟವರಿದ್ದಾರೆ, ಲಿವರ್ ಕೆಟ್ಟರೆ ಕೀಮೋ ಮಾತ್ರೆಯ ಲೆಕ್ಕವೆಲ್ಲ ತಪ್ಪುತ್ತದೆ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಇಷ್ಟೆಲ್ಲ ನೋಡಿಯೂ ಸಣ್ಣ ಡೋಸಿಗೇ ಕೌಂಟ್ ಕುಸಿಯುತ್ತಿದ್ದರೆ ಕಾರಣ ಹುಟ್ಟಿನಿಂದ ಬಂದದ್ದಿರಬಹುದು. ಟಿಪಿಎಂಟಿ, ಎನ್‌ಯುಡಿಟಿ15 ಅನ್ನುವ ಎರಡು ಜೀನ್‌ಗಳಿವೆ. ಅವುಗಳಲ್ಲಿ ವ್ಯತ್ಯಾಸ ಇದ್ದವರಿಗೆ 6-ಎಂಪಿ ಮಾಮೂಲಿ ಡೋಸೇ ಅತಿಯಾಗುತ್ತದೆ. ಎನ್‌ಯುಡಿಟಿ15 ವ್ಯತ್ಯಾಸ ನಮ್ಮ ಏಷ್ಯಾದವರಲ್ಲಿ ಜಾಸ್ತಿ ಕಾಣುತ್ತದೆ. ಇದಕ್ಕೆ ರಕ್ತಪರೀಕ್ಷೆ ಇದೆ. "ನಮ್ಮ ಹುಡುಗನಿಗೆ ಈ ಪರೀಕ್ಷೆ ಆಗಿದೆಯಾ?" ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಸಿಎಂಎಲ್ ಇರುವವರಿಗೆ

ಸಿಎಂಎಲ್ ಕೂಡ ರಕ್ತದ ಕ್ಯಾನ್ಸರ್‌ನ ಒಂದು ಬಗೆ. ಇದಕ್ಕೆ ಇಮ್ಯಾಟಿನಿಬ್‌ನಂಥ ಮಾತ್ರೆ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಕೌಂಟ್ ಇಳಿಯುವುದು ಸಾಮಾನ್ಯ. ಮಜ್ಜೆ ತುಂಬ ಕಾಯಿಲೆಯ ಕಣಗಳೇ ಇದ್ದವು. ಅವು ಸತ್ತ ಮೇಲೆ ಒಳ್ಳೆಯ ಕಣಗಳು ಬೆಳೆದು ಜಾಗ ತುಂಬಲು ಸಮಯ ಬೇಕು. ಎಎನ್‌ಸಿ 1,000ಕ್ಕಿಂತ ಕೆಳಗೆ ಹೋದರೆ ಡಾಕ್ಟರ್ ಸಾಮಾನ್ಯವಾಗಿ ತಡೆಹಿಡಿದು, 1,500 ದಾಟಿದ ಮೇಲೆ ಮತ್ತೆ ಶುರು ಮಾಡುತ್ತಾರೆ. ಆ ನಿರ್ಧಾರ ಅವರದ್ದೇ ಇರಲಿ. ನೀವೇ ಎರಡು ದಿನ ಬಿಟ್ಟಿದ್ದರೆ ಅದನ್ನೂ ಹೇಳಿಬಿಡಿ. ಗೊತ್ತಿಲ್ಲದಿದ್ದರೆ ಅವರು ರಿಪೋರ್ಟನ್ನು ತಪ್ಪಾಗಿ ಓದುವಂತಾಗುತ್ತದೆ.

ಸೋಂಕು, ಊಟ, ಗುಲ್ಮ

ಕೌಂಟ್ ಕಡಿಮೆ ಇದ್ದರೆ ಸೋಂಕು ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಸೋಂಕಿನಿಂದಲೂ ಕೌಂಟ್ ಇಳಿಯುತ್ತದೆ ಅನ್ನುವುದು ಅಷ್ಟು ಗೊತ್ತಿಲ್ಲ. ಡೆಂಗಿ, ಟೈಫಾಯ್ಡ್, ಟಿಬಿ, ಹೆಪಟೈಟಿಸ್, ಎಚ್‌ಐವಿ, ಸಿಎಂವಿ ಅನ್ನುವ ವೈರಸ್, ಪಾರ್ವೊ ವೈರಸ್ ಎಲ್ಲವೂ ಬಿಳಿ ಕಣವನ್ನು ತಗ್ಗಿಸಬಲ್ಲವು. ಮಳೆಗಾಲದಲ್ಲಿ ಕೌಂಟ್ ಒಮ್ಮೆಲೇ ಬಿದ್ದರೆ, ಓಣಿಯಲ್ಲಿ ಯಾರಿಗಾದರೂ ಡೆಂಗಿ ಇತ್ತಾ ಅನ್ನುವುದನ್ನೂ ಡಾಕ್ಟರಿಗೆ ಹೇಳಿ. ಮಜ್ಜೆ ಕಸಿ ಆದವರಲ್ಲಿ ಸಿಎಂವಿ, ಅದಕ್ಕೆ ಕೊಡುವ ಔಷಧ, ಕಸಿ ಸರಿಯಾಗಿ ಬೇರು ಬಿಡದಿರುವುದು ಮುಂತಾದ ಬೇರೆಯೇ ಕಾರಣಗಳಿರುತ್ತವೆ. ಅವರು ಕಸಿ ಮಾಡಿದ ಕೇಂದ್ರಕ್ಕೇ ಫೋನ್ ಮಾಡಬೇಕು.

ಊಟದ ಬಗ್ಗೆ ಬಿಚ್ಚಿ ಹೇಳುತ್ತೇನೆ. ಕೀಮೋದಿಂದ ಬಿದ್ದ ಬಿಳಿ ಕಣವನ್ನು ಎತ್ತುವ ಹಣ್ಣು, ಕಾಳು, ರಸ ಯಾವುದೂ ಇಲ್ಲ. ದಾಳಿಂಬೆಗೆ ಸಾಲ ಮಾಡಬೇಡಿ. ಆದರೆ ಬಿ12, ಫೋಲೇಟ್, ತಾಮ್ರದ ಕೊರತೆ ಇದ್ದರೆ ಮಜ್ಜೆ ಕಣ ಮಾಡುವುದೇ ನಿಧಾನವಾಗುತ್ತದೆ. ಬಿ12 ಸಿಗುವುದು ಮಾಂಸ, ಮೊಟ್ಟೆ, ಹಾಲಿನಲ್ಲಿ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿ ಪಲ್ಯ, ಶೇಂಗಾ ಹಿಂಡಿ ಎಲ್ಲ ಒಳ್ಳೆಯ ಊಟವೇ, ಆದರೆ ಅದರಲ್ಲಿ ಬಿ12 ಇಲ್ಲ. ಹಾಲು ಮೊಸರೂ ಕಡಿಮೆ ತಿನ್ನುವ ಶಾಕಾಹಾರಿ ಮನೆಯವರು ಈ ಪರೀಕ್ಷೆಯ ಬಗ್ಗೆ ಕೇಳಬೇಕು. ಫೋಲಿಕ್ ಆ್ಯಸಿಡ್ ಗುಳಿಗೆಯನ್ನು ಮಾತ್ರ ನೀವೇ ಶುರು ಮಾಡಬೇಡಿ. ಮೆಥೊಟ್ರೆಕ್ಸೇಟ್ ಕೆಲಸ ಮಾಡುವುದೇ ಫೋಲೇಟನ್ನು ತಡೆದು. ಶಕ್ತಿಗೆ ಅಂತ ಝಿಂಕ್ ಗುಳಿಗೆ ತಿಂಗಳುಗಟ್ಟಲೆ ನುಂಗಿದರೂ ಮೈಯಲ್ಲಿ ತಾಮ್ರ ಇಳಿದು ಕೌಂಟ್ ಬೀಳಬಹುದು.

ಹಸಿ ತರಕಾರಿ ಪೂರ್ತಿ ಬಿಡಬೇಕಾ ಅನ್ನುವುದರಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಮಾತು ಬೇರೆ ಇರುತ್ತದೆ, ನಿಮ್ಮವರನ್ನು ಕೇಳಿ. ನಮ್ಮಲ್ಲಿ ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ ಇಲ್ಲದೆ ಊಟ ಇಳಿಯುವುದಿಲ್ಲ, ಅಲ್ವಾ? ಎಎನ್‌ಸಿ 500ರ ಕೆಳಗೆ ಇದ್ದ ವಾರಗಳಲ್ಲಿ ನಾವು ಅದನ್ನು ಬಿಟ್ಟೆವು, ಬೇಯಿಸಿದ್ದನ್ನು ಬಿಸಿ ಇರುವಾಗಲೇ ಕೊಟ್ಟೆವು, ನೀರು ಕುದಿಸಿ ಆರಿಸಿದೆವು. ತೊಗರಿ ರಾಶಿ ಮಾಡುವಾಗ ಹುಡುಗನನ್ನು ಹೊಲದ ಕಡೆಗೇ ಬಿಡಲಿಲ್ಲ. ಆ ಧೂಳಿನಲ್ಲಿ ಬೂಷ್ಟಿನ ಕಣ ಇರುತ್ತವೆ. ನ್ಯೂಟ್ರೋಫಿಲ್ ಇಲ್ಲದ ಶ್ವಾಸಕೋಶಕ್ಕೆ ಅವು ಹೋದರೆ ಕಷ್ಟ.

ಗುಲ್ಮ, ಅಂದರೆ ಸ್ಪ್ಲೀನ್, ದೊಡ್ಡದಾಗಿದ್ದರೆ ರಕ್ತಕಣಗಳು ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಎಡ ಪಕ್ಕೆಲುಬಿನ ಕೆಳಗೆ ಭಾರ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗೆ ಆಗುವುದು ಅದರ ಲಕ್ಷಣ. ಸಿಎಲ್‌ಎಲ್‌ನಂಥ ನಿಧಾನದ ರಕ್ತದ ಕ್ಯಾನ್ಸರ್‌ಗಳಲ್ಲಿ ದೇಹವೇ ತನ್ನ ನ್ಯೂಟ್ರೋಫಿಲ್‌ಗಳನ್ನು ಕೊಲ್ಲುವುದೂ ಇದೆ.

ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ

ಹೌದು, ಕಾಯಿಲೆ ತಿರುಗಿ ಬಂದರೂ ಕೌಂಟ್ ಇಳಿಯುತ್ತದೆ. ರಕ್ತದ ಕ್ಯಾನ್ಸರ್ ಅಂದರೆ ಬಿಳಿ ಕಣ ಲಕ್ಷಗಟ್ಟಲೆ ಏರುವುದು ಅಂತಲೇ ನಾವು ತಿಳಿದಿರುತ್ತೇವೆ. ಹಾಗೇನಿಲ್ಲ. ಕೆಟ್ಟ ಕಣಗಳು ಮಜ್ಜೆಯಲ್ಲೇ ತುಂಬಿಕೊಂಡು, ಒಳ್ಳೆಯ ಕಣ ಹುಟ್ಟಲು ಜಾಗ ಇಲ್ಲದಂತೆ ಮಾಡಬಹುದು. ಎಪಿಎಲ್, ಹೇರಿ ಸೆಲ್ ಅನ್ನುವ ಬಗೆಗಳಲ್ಲಿ ಮೊದಲ ದಿನದಿಂದಲೇ ಕೌಂಟ್ ಕಡಿಮೆ ಇರುವುದು ಹೆಚ್ಚು. ಹಳೆಯ ಕೀಮೋದಿಂದ ವರ್ಷಗಳ ನಂತರ ಮಜ್ಜೆಯೇ ಕೆಡುವುದೂ ಅಪರೂಪಕ್ಕೆ ಇದೆ.

ಬಿಳಿ ಕಣ ಒಂದೇ ಇಳಿದಿದೆಯಾ, ಅಥವಾ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಕೂಡ ಜೊತೆಗೇ ಇಳಿಯುತ್ತಿವೆಯಾ ನೋಡಿ. ಮೂರೂ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ, ಸ್ಮಿಯರ್‌ನಲ್ಲಿ ಬ್ಲಾಸ್ಟ್ (ಬಲಿಯದ ಕಣ) ಅಂತ ಬರೆದಿದ್ದರೆ, ಮೂಳೆ ನೋವು, ಗಂಟು, ಒಸಡಿನಲ್ಲಿ ರಕ್ತ ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ನಮ್ಮ ಹುಡುಗನಿಗೆ ಪ್ಲೇಟ್‌ಲೆಟ್ ಚೆನ್ನಾಗಿತ್ತು, ಸ್ಮಿಯರ್‌ನಲ್ಲಿ ಬ್ಲಾಸ್ಟ್ ಇರಲಿಲ್ಲ. ಡಾಕ್ಟರ್ ಮಜ್ಜೆ ಪರೀಕ್ಷೆಗಿಂತ ಮೊದಲು ಚೀಲ ನೋಡಲು ಹೊರಟದ್ದು ಅದಕ್ಕೇ.

ಆದರೂ ಇವು ಸುಳಿವುಗಳಷ್ಟೇ. ಖಾತ್ರಿ ಆಗುವುದು ಮಜ್ಜೆ ಪರೀಕ್ಷೆಯಿಂದ. ಸೊಂಟದ ಹಿಂದಿನ ಮೂಳೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸೂಜಿಯಿಂದ ಸ್ವಲ್ಪ ಮಜ್ಜೆ ಎಳೆಯುತ್ತಾರೆ. ಎಳೆಯುವ ಆ ಒಂದೆರಡು ಸೆಕೆಂಡ್ ನೋವಾಗುತ್ತದೆ. ಡಾಕ್ಟರ್ ಬೇಕು ಅಂದರೆ ಮುಂದೂಡಬೇಡಿ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರ ಇದೆ. ಎಲ್ಲದಕ್ಕೂ ಬೆಂಗಳೂರು, ಹೈದರಾಬಾದ್ ಅಂತ ರೈಲು ಹತ್ತುವ ಮೊದಲು ಯಾವ ಪರೀಕ್ಷೆ ಇಲ್ಲೇ ಆಗುತ್ತದೆ, ಯಾವುದಕ್ಕೆ ಹೋಗಲೇಬೇಕು ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಕೌಂಟ್ ಏರಿಸುವ ಇಂಜೆಕ್ಷನ್

ಫಿಲ್‌ಗ್ರಾಸ್ಟಿಮ್ ಅನ್ನುವ ಇಂಜೆಕ್ಷನ್ ಮಜ್ಜೆಯನ್ನು ಚುರುಕು ಮಾಡಿ ನ್ಯೂಟ್ರೋಫಿಲ್ ಏರಿಸುತ್ತದೆ. ಕಾರಣವನ್ನು ಅದು ಸರಿ ಮಾಡುವುದಿಲ್ಲ. ಹಾಗಾಗಿ ಎಲ್ಲರಿಗೂ ಕೊಡುವುದಿಲ್ಲ, ಕೇಳಿ ಕೇಳಿ ಹಾಕಿಸಿಕೊಳ್ಳುವುದೂ ಬೇಡ. ಮೂಳೆ ನೋವು ಬರುತ್ತದೆ, ಅದಕ್ಕೆ ಹೆದರಬೇಡಿ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಬೇಸಿಗೆಯಲ್ಲಿ ಮಣ್ಣಿನ ಗಡಿಗೆ ಪಕ್ಕ ಇಟ್ಟರೆ ಸಾಲದು. ನಾವು ಅಗಲ ಬಾಯಿಯ ಥರ್ಮಾಸ್‌ನಲ್ಲಿ ಐಸ್ ಇಟ್ಟು, ಅದರ ಮೇಲೆ ದಪ್ಪ ಬಟ್ಟೆ ಹಾಕಿ, ಅದರ ಮೇಲೆ ಇಂಜೆಕ್ಷನ್ ಇಟ್ಟು ಒಯ್ಯುತ್ತಿದ್ದೆವು. ಐಸ್‌ಗೆ ತಾಗಿ ಅದು ಹೆಪ್ಪುಗಟ್ಟಲೂ ಬಾರದು.

ಜ್ವರ ಬಂದ ರಾತ್ರಿ

ಕಾರಣ ಹುಡುಕುವುದಕ್ಕೆ ವಾರಗಳಿವೆ. ಜ್ವರಕ್ಕೆ ಇಲ್ಲ. ಕೌಂಟ್ ಕಡಿಮೆ ಇರುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಬಂದರೆ, ರಾತ್ರಿ ಎರಡು ಗಂಟೆ ಆದರೂ ಹೊರಡಿ. ಚಳಿ ನಡುಕ ಬಂದರೆ ಥರ್ಮಾಮೀಟರ್ ಏನೇ ತೋರಿಸಲಿ, ಹೊರಡಿ. ಸ್ಟೀರಾಯ್ಡ್ ತಗೊಳ್ಳುವವರಿಗೆ ಜ್ವರ ಕಾಣದೆಯೂ ಸೋಂಕು ಇರಬಹುದು. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನತನಕ ನೋಡೋಣ ಅನ್ನಬೇಡಿ. ಊರಲ್ಲೇ ಒಂದು ಇಂಜೆಕ್ಷನ್ ಮಾಡಿಸಿ ನೋಡೋಣ ಅಂತಲೂ ಬೇಡ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ನರಕ್ಕೆ ಆ್ಯಂಟಿಬಯೋಟಿಕ್ ಬೀಳಬೇಕು.

ಚಿಂಚೋಳಿ, ಔರಾದ್, ಸುರಪುರದಂಥ ಕಡೆ ಇರುವವರಿಗೆ ದೊಡ್ಡ ಆಸ್ಪತ್ರೆ ಮುಟ್ಟಲು ಹೊತ್ತು ಹಿಡಿಯುತ್ತದೆ. ಅದಕ್ಕೇ ಈಗಲೇ ಡಾಕ್ಟರನ್ನು ಕೇಳಿಡಿ: ರಾತ್ರಿ ಜ್ವರ ಬಂದರೆ ಮೊದಲು ಎಲ್ಲಿಗೆ? ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಅಥವಾ ಅದಕ್ಕಿಂತ ಹತ್ತಿರದ್ದಾ? ಒಂದು ಹಾಳೆಯಲ್ಲಿ ಕಾಯಿಲೆ ಹೆಸರು, ಕೊನೆಯ ಕೀಮೋ ತಾರೀಕು, ಕೊನೆಯ ಎಎನ್‌ಸಿ, ಔಷಧಗಳ ಪಟ್ಟಿ, ಯಾವ ಔಷಧ ಆಗಿಬರುವುದಿಲ್ಲ, ಡಾಕ್ಟರ ಫೋನ್ ನಂಬರ್ ಬರೆಸಿಕೊಳ್ಳಿ. ಡ್ಯೂಟಿಯಲ್ಲಿರುವ ಹೊಸ ಡಾಕ್ಟರಿಗೆ ದಪ್ಪ ಫೈಲಿಗಿಂತ ಆ ಒಂದು ಹಾಳೆ ಬೇಗ ಅರ್ಥವಾಗುತ್ತದೆ.

ನಮ್ಮ ಮನೆಯಲ್ಲಿ ಆ ಹಾಳೆ ಬಾಗಿಲ ಹಿಂದೆ, ಬೀಗದ ಕೈ ತೂಗುವ ಮೊಳೆಗೇ ಸಿಕ್ಕಿಸಿದೆ. ಎಎನ್‌ಸಿ ಸಾಲನ್ನು ಪ್ರತಿ ರಿಪೋರ್ಟ್ ಬಂದಾಗ ಹುಡುಗನೇ ಹೊಡೆದು ಹೊಸದು ಬರೆಯುತ್ತಾನೆ. ಕೆಳಗೆ ದಪ್ಪ ಅಕ್ಷರದಲ್ಲಿ ಅವನೇ ಸೇರಿಸಿದ್ದಾನೆ: "100.4 ಬಂದ್ರ ಕಾಕಾಗ ಎಬ್ಬಸ್ರಿ."